ಮಕ್ಕಳ ನಿದ್ರಾ ದಿನಚರಿ: ಬರೆಯುವ ಕ್ರಮ, ಓದುವ ಬಗೆ

ಮಗು ಯಾವ ಹೊತ್ತಿಗೆ ಹಾಸಿಗೆ ಸೇರಿತು, ಯಾವಾಗ ನಿದ್ರೆಗೆ ಜಾರಿತು, ರಾತ್ರಿ ಎಷ್ಟು ಸಲ ಎಚ್ಚರಗೊಂಡಿತು, ಬೆಳಿಗ್ಗೆ ಹೇಗೆ ಎದ್ದಿತು ಎಂಬುದನ್ನು ಸತತವಾಗಿ ಎರಡು ವಾರ ಬರೆದಿಡುವ ಪುಟಗಳಿಗೆ ನಿದ್ರಾ ದಿನಚರಿ ಎಂದು ಹೆಸರು. ಮಕ್ಕಳ ನಿದ್ರೆಯ ತೊಂದರೆಗಳನ್ನು ಅರಿಯುವಲ್ಲಿ ವೈದ್ಯರು ಮೊದಲು ನೆಚ್ಚುವ ಸಾಧನಗಳಲ್ಲಿ ಇದೂ ಒಂದು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಗೆರೆ ಎಳೆದ ನೋಟುಪುಸ್ತಕ, ಪೆನ್ಸಿಲು ಮತ್ತು ಗೋಡೆಯ ಗಡಿಯಾರ ಇದ್ದರೆ ಸಾಕು.

ಗಡಿನಾಡಿನ ಕನ್ನಡ ಕುಟುಂಬಗಳಿಗೆ ಈ ಪುಟಗಳಿಂದ ಇನ್ನೊಂದು ಪ್ರಯೋಜನವೂ ಇದೆ. ಮನೆಯ ಮಾತು ಕನ್ನಡವಾದರೂ ಆಸ್ಪತ್ರೆಯ ಮಾತು ಕಾಸರಗೋಡಿನಲ್ಲಿ ಮಲಯಾಳ, ಹೊಸೂರು ತಾಳವಾಡಿಗಳಲ್ಲಿ ತಮಿಳು, ಅಕ್ಕಲಕೋಟೆ ಜತ್ತಗಳಲ್ಲಿ ಮರಾಠಿ, ಆದವಾನಿ ಮಡಕಶಿರಾಗಳಲ್ಲಿ ತೆಲುಗು ಆಗಿರುವುದುಂಟು. ಮಗು ಕನವರಿಸುತ್ತದೆ, ಬೆಚ್ಚಿಬೀಳುತ್ತದೆ, ಮಂಪರಿನಲ್ಲಿರುತ್ತದೆ, ತೂಕಡಿಸುತ್ತದೆ ಎಂಬ ಮಾತುಗಳಲ್ಲಿ ಒಂದೊಂದೂ ಬೇರೆ ಬೇರೆ ಲಕ್ಷಣವನ್ನು ಸೂಚಿಸುತ್ತದೆ. ಅನ್ಯಭಾಷೆಯಲ್ಲಿ ಅವನ್ನು ಹೇಳುವಾಗ ಎಲ್ಲವೂ ಸೇರಿ ‘ಸರಿಯಾಗಿ ನಿದ್ದೆ ಇಲ್ಲ’ ಎಂಬ ಒಂದೇ ವಾಕ್ಯವಾಗಿಬಿಡುತ್ತದೆ. ಆದರೆ ಹದಿನಾಲ್ಕು ರಾತ್ರಿಗಳ ಗಂಟೆ ನಿಮಿಷಗಳ ಲೆಕ್ಕಕ್ಕೆ ಭಾಷಾಂತರ ಬೇಕಿಲ್ಲ. ವೈದ್ಯರು ಯಾವ ಭಾಷೆಯವರಾದರೂ ಅಂಕಿಗಳನ್ನು ಓದಬಲ್ಲರು.

ನಿದ್ರೆ ಕೆಟ್ಟ ಮಗು ತರಗತಿಯಲ್ಲಿ ಗಮನ ಕೊಡದು, ಬೇಗ ಸಿಡುಕುತ್ತದೆ, ಓದಿದ್ದನ್ನು ಮರೆಯುತ್ತದೆ. ಸಣ್ಣ ಮಕ್ಕಳು ತೂಕಡಿಸುವ ಬದಲು ಅತಿಯಾಗಿ ಚಟುವಟಿಕೆ ತೋರುವುದೂ ಉಂಟು. ಇಂತಹ ಮಗುವಿಗೆ ಸೋಮಾರಿ, ತುಂಟ ಎಂಬ ಹೆಸರು ಬಹಳ ಬೇಗ ಅಂಟಿಕೊಳ್ಳುತ್ತದೆ. ನಮ್ಮ ಪ್ರದೇಶಗಳಲ್ಲಿ ಓದು ಹಿಂದೆ ಬಿದ್ದಾಗ ಕನ್ನಡ ಮಾಧ್ಯಮವೇ ಕಾರಣವೆಂದು ತಿಳಿದು ಶಾಲೆಯನ್ನು ಬದಲಿಸುವ ಯೋಚನೆಯೂ ಹುಟ್ಟುತ್ತದೆ. ಅಂತಹ ತೀರ್ಮಾನಕ್ಕೆ ಮುನ್ನ ಹದಿನಾಲ್ಕು ರಾತ್ರಿಗಳ ನಿದ್ರೆಯನ್ನು ಬರೆದು ನೋಡುವುದು ವಿವೇಕದ ಕೆಲಸ.

ವಯಸ್ಸಿಗೆ ತಕ್ಕ ನಿದ್ರೆ

ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಪ್ರಕಟಿಸಿದ ಶಿಫಾರಸನ್ನು ಹಲವು ದೇಶಗಳ ಮಕ್ಕಳ ವೈದ್ಯರು ಆಧಾರವಾಗಿ ಬಳಸುತ್ತಾರೆ. 24 ಗಂಟೆಗಳಲ್ಲಿ ಬೇಕಾದ ನಿದ್ರೆ ಇಂತಿದೆ:

4 ರಿಂದ 12 ತಿಂಗಳು: 12 ರಿಂದ 16 ಗಂಟೆ (ಹಗಲು ನಿದ್ರೆ ಸೇರಿ)
1 ರಿಂದ 2 ವರ್ಷ: 11 ರಿಂದ 14 ಗಂಟೆ (ಹಗಲು ನಿದ್ರೆ ಸೇರಿ)
3 ರಿಂದ 5 ವರ್ಷ: 10 ರಿಂದ 13 ಗಂಟೆ (ಹಗಲು ನಿದ್ರೆ ಸೇರಿ)
6 ರಿಂದ 12 ವರ್ಷ: 9 ರಿಂದ 12 ಗಂಟೆ
13 ರಿಂದ 18 ವರ್ಷ: 8 ರಿಂದ 10 ಗಂಟೆ

ಇವು ಹಾಸಿಗೆಯಲ್ಲಿ ಕಳೆದ ಗಂಟೆಗಳಲ್ಲ, ನಿದ್ರಿಸಿದ ಗಂಟೆಗಳು ಎಂಬುದು ನೆನಪಿರಲಿ. ಈ ಎರಡರ ನಡುವಿನ ಅಂತರವನ್ನು ತೋರಿಸುವುದೇ ದಿನಚರಿಯ ಮೊದಲ ಉಪಯೋಗ.

ರಾತ್ರಿಯ ಒಳಗಿನ ಕ್ರಮ

ನಿದ್ರೆ ಆರಂಭದಿಂದ ಕೊನೆಯವರೆಗೆ ಒಂದೇ ಬಗೆಯದಲ್ಲ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್, ನಿದ್ರಿಸುವವರ ಕಣ್ಣುಗಳು ಆಗಾಗ ರೆಪ್ಪೆಯೊಳಗೇ ವೇಗವಾಗಿ ಚಲಿಸುವುದನ್ನು ಗುರುತಿಸಿ ಪ್ರಕಟಿಸಿದರು. ಅಸೆರಿನ್‌ಸ್ಕಿ ಇದನ್ನು ಆರಂಭದಲ್ಲಿ ಕಂಡುಕೊಂಡದ್ದು ತನ್ನ ಎಂಟು ವರ್ಷದ ಮಗನ ನಿದ್ರೆಯನ್ನು ರಾತ್ರಿಯಿಡೀ ದಾಖಲಿಸುವಾಗ. ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ.

ಗಾಢ ನಿದ್ರೆಯ ಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಹೆಚ್ಚು, ಕನಸಿನ ನಿದ್ರೆಯ ಪಾಲು ಬೆಳಗಿನ ಜಾವದ ಕಡೆಗೆ ಹೆಚ್ಚು. ಆದ್ದರಿಂದ ಮಗು ರಾತ್ರಿ ಹತ್ತೂವರೆಗೆ ಕಿರುಚಿತೋ ನಾಲ್ಕು ಗಂಟೆಗೆ ಅತ್ತಿತೋ ಎಂಬುದರ ಮೇಲೆ ತೊಂದರೆಯ ಸ್ವರೂಪವೇ ಬೇರೆಯಾಗುತ್ತದೆ. ‘ರಾತ್ರಿ ಹೆದರಿ ಅಳುತ್ತದೆ’ ಎಂದಷ್ಟೇ ಹೇಳಿದರೆ ಆ ವ್ಯತ್ಯಾಸ ತಿಳಿಯದು, ಗಂಟೆ ಬರೆದಿದ್ದರೆ ತಿಳಿಯುತ್ತದೆ.

ಬರೆಯಬೇಕಾದ ವಿಷಯಗಳು

ಒಂದು ರಾತ್ರಿಗೆ ಒಂದು ಸಾಲು ಇರಲಿ. ಸಾಲಿನಲ್ಲಿ ಈ ಅಂಕಣಗಳು ಬೇಕು:

1. ದಿನಾಂಕ ಮತ್ತು ವಾರ. ಮರುದಿನ ಶಾಲೆ ಇದೆಯೇ, ರಜೆಯೇ.
2. ಮಲಗಲು ಹಾಸಿಗೆ ಸೇರಿದ ಹೊತ್ತು.
3. ನಿದ್ರೆ ಹತ್ತಿದ ಹೊತ್ತು (ಅಂದಾಜು ಸಾಕು).
4. ರಾತ್ರಿ ಎಚ್ಚರಗೊಂಡ ಹೊತ್ತುಗಳು, ಪ್ರತಿ ಸಲವೂ ಎಷ್ಟು ನಿಮಿಷ, ಏನು ಮಾಡಿತು, ಹೇಗೆ ಮತ್ತೆ ಮಲಗಿತು.
5. ಗೊರಕೆ, ಕೆಮ್ಮು, ಬೆವರು, ಕನವರಿಕೆ, ಹಲ್ಲು ಕಡಿಯುವುದು, ಕಾಲು ಒದರುವುದು, ಹಾಸಿಗೆ ಒದ್ದೆಯಾದದ್ದು.
6. ಬೆಳಿಗ್ಗೆ ಎದ್ದ ಹೊತ್ತು. ತಾನಾಗಿ ಎದ್ದಿತೇ, ಎಬ್ಬಿಸಬೇಕಾಯಿತೇ, ಎಷ್ಟು ಸಲ ಕರೆಯಬೇಕಾಯಿತು.
7. ಹಗಲು ನಿದ್ರೆ. ವಾಹನದಲ್ಲಿ ಬಂದ ಜೊಂಪೂ ಸೇರಿ.
8. ಸಂಜೆಯ ನಂತರ ಕುಡಿದ ಚಹಾ, ಕಾಫಿ. ರಾತ್ರಿಯ ಊಟದ ಹೊತ್ತು.
9. ಮೊಬೈಲು, ಟಿ.ವಿ. ಬಿಟ್ಟ ಹೊತ್ತು.
10. ಔಷಧ ಕೊಟ್ಟಿದ್ದರೆ ಅದರ ಹೆಸರು ಮತ್ತು ಹೊತ್ತು.
11. ವಿಶೇಷ ಸಂಗತಿ.

ಕೊನೆಯ ಅಂಕಣವನ್ನು ಅಲಕ್ಷಿಸಬಾರದು. ಮನೆಗೆ ನೆಂಟರು ಬಂದದ್ದು, ಪರೀಕ್ಷೆ, ಶಾಲೆಯಲ್ಲಿ ಜಗಳ, ಕರೆಂಟು ಹೋದದ್ದು, ಊರಿನ ಕೋಲ, ಬಯಲಾಟ, ಉರೂಸು, ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಎಲ್ಲವೂ ಇಲ್ಲಿ ಬರಬೇಕು. ಒಂದು ರಾತ್ರಿಯ ಆಟ ನೋಡಿ ಬೆಳಗಾದದ್ದು ರೋಗಲಕ್ಷಣವಲ್ಲ. ಆದರೆ ಅದನ್ನು ಬರೆಯದೆ ಬಿಟ್ಟರೆ ಮರುದಿನದ ತೂಕಡಿಕೆ ರೋಗದಂತೆ ಕಾಣುತ್ತದೆ.

ಬರೆಯುವ ಕ್ರಮ

ದಿನಚರಿಯನ್ನು ರಾತ್ರಿ ಗಡಿಯಾರ ನೋಡುತ್ತ ಬರೆಯಬಾರದು, ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬರೆಯಬೇಕು. ಹಗಲಿನ ಅಂಕಣಗಳನ್ನು ಸಂಜೆ ತುಂಬಬಹುದು. ಮೂರು ದಿನದ ಲೆಕ್ಕವನ್ನು ಒಮ್ಮೆಗೇ ನೆನಪಿನಿಂದ ಬರೆದರೆ ಅದು ದಾಖಲೆಯಾಗದೆ ಊಹೆಯಾಗುತ್ತದೆ. ಮರೆತ ದಿನದ ಸಾಲನ್ನು ಖಾಲಿ ಬಿಡುವುದೇ ಲೇಸು.

ಎರಡು ವಾರ ಏಕೆಂದರೆ, ಶಾಲೆಯ ದಿನಗಳ ಜೊತೆಗೆ ಎರಡು ವಾರಾಂತ್ಯಗಳಾದರೂ ಅದರಲ್ಲಿ ಸೇರಬೇಕು. ಮಗುವಿನ ದೇಹದ ಸಹಜ ಗಡಿಯಾರ ಕಾಣಿಸುವುದು ಎಬ್ಬಿಸುವವರಿಲ್ಲದ ರಜೆಯ ಬೆಳಿಗ್ಗೆ. ಈ ಎರಡು ವಾರಗಳಲ್ಲಿ ಮನೆಯ ರೂಢಿಯನ್ನು ಬದಲಿಸಬಾರದು. ಇರುವುದನ್ನು ಇದ್ದಂತೆ ಬರೆದ ಮೇಲೆ ತಿದ್ದುವ ಕೆಲಸ.

ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಕನ್ನಡ ಅಂಕಿಗಳು ನಮಗೆ ಪ್ರಿಯವಾದರೂ ಈ ಪುಟಗಳನ್ನು ಓದುವವರು ಅನ್ಯಭಾಷಿಕರಾಗಿರಬಹುದು. ಹೊತ್ತಿನ ಮುಂದೆ ರಾತ್ರಿಯೋ ಬೆಳಿಗ್ಗೆಯೋ ಎಂದು ತಿಳಿಯುವಂತೆ ಎರಡಕ್ಕೂ ಬೇರೆ ಬೇರೆ ಅಂಕಣ ಮಾಡಿಕೊಂಡರೆ ಗೊಂದಲವಿಲ್ಲ. ಎಂಟು ವರ್ಷ ದಾಟಿದ ಮಗುವನ್ನೂ ಬರವಣಿಗೆಯಲ್ಲಿ ಸೇರಿಸಿಕೊಳ್ಳಬೇಕು. ದೀಪ ಆರಿಸಿದ ಮೇಲೆ ಎಷ್ಟು ಹೊತ್ತು ಎಚ್ಚರವಾಗಿದ್ದೆ ಎಂಬುದು ಮಗುವಿಗೆ ಮಾತ್ರ ಗೊತ್ತು. ಆದರೆ ದಿನಚರಿ ಮಗುವಿನ ಮೇಲಿನ ದೂರುಪಟ್ಟಿಯಂತಾಗಬಾರದು. ಹಾಸಿಗೆ ಒದ್ದೆಯಾದ ದಿನವನ್ನು ಅಕ್ಷರದಲ್ಲಿ ಬರೆಯದೆ ಒಂದು ಚುಕ್ಕೆಯಿಂದ ಗುರುತಿಸಿದರೆ ಮಗುವಿನ ಮಾನ ಉಳಿಯುತ್ತದೆ.

ಲೆಕ್ಕ ಹಾಕುವ ಬಗೆ

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಐದನೇ ತರಗತಿಯ ಹತ್ತು ವರ್ಷದ ಹುಡುಗಿ. ಕನ್ನಡ ಶಾಲೆ ದೂರ, ಆದ್ದರಿಂದ ಬೆಳಿಗ್ಗೆ 6:00ಕ್ಕೆ ಏಳಬೇಕು. ತಾಯಿ ರಾತ್ರಿ 9:00ಕ್ಕೇ ಮಲಗಿಸುತ್ತಾರೆ. ‘ಒಂಬತ್ತು ಗಂಟೆ ಮಲಗುತ್ತಾಳೆ, ಆದರೂ ಬೆಳಿಗ್ಗೆ ಏಳಳು’ ಎಂಬುದು ಮನೆಯವರ ದೂರು. ದಿನಚರಿ ಹೇಳುವುದು ಬೇರೆ: ನಿದ್ರೆ ಹತ್ತುವುದು ಸರಾಸರಿ 10:40ಕ್ಕೆ. ಸಂಜೆ ಬಸ್ಸಿನಲ್ಲಿ 4:30ರಿಂದ 5:10ರವರೆಗೆ ಜೊಂಪು. ಶುಕ್ರವಾರ ಮತ್ತು ಶನಿವಾರದ ರಾತ್ರಿ 11:00ಕ್ಕೆ ನಿದ್ರೆ, ಬೆಳಿಗ್ಗೆ 9:00ಕ್ಕೆ ತಾನಾಗಿ ಎಚ್ಚರ.

ಹಾಸಿಗೆಯಲ್ಲಿ ಕಳೆದ ಕಾಲ 9 ಗಂಟೆ, ಎಂದರೆ 540 ನಿಮಿಷ. ರಾತ್ರಿ ನಿದ್ರಿಸಿದ ಕಾಲ 7 ಗಂಟೆ 20 ನಿಮಿಷ, ಎಂದರೆ 440 ನಿಮಿಷ. 440ನ್ನು 540ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 81. ಇದನ್ನು ನಿದ್ರೆಯ ದಕ್ಷತೆ ಎನ್ನುತ್ತಾರೆ. ನೂರಕ್ಕೆ 85 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ತೃಪ್ತಿಕರ.

ಶಾಲೆಯ ಐದು ರಾತ್ರಿಗಳಲ್ಲಿ ಒಟ್ಟು 36 ಗಂಟೆ 40 ನಿಮಿಷ, ರಜೆಯ ಎರಡು ರಾತ್ರಿಗಳಲ್ಲಿ 20 ಗಂಟೆ. ವಾರದ ಸರಾಸರಿ 8 ಗಂಟೆ 6 ನಿಮಿಷ. ಇದು ಬೇಕಾದ 9 ಗಂಟೆಗಿಂತ ಕಡಿಮೆಯೇ. ಜೊತೆಗೆ ಶಾಲೆಯ ರಾತ್ರಿಗಳ ಕೊರತೆ ಇನ್ನೂ ಹೆಚ್ಚೆಂಬುದನ್ನು ಸರಾಸರಿ ಮರೆಮಾಚುತ್ತದೆ. ಆದ್ದರಿಂದ ಶಾಲೆಯ ದಿನಗಳನ್ನೂ ರಜೆಯ ದಿನಗಳನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು.

ಇನ್ನೊಂದು ಲೆಕ್ಕ ನಿದ್ರೆಯ ನಡುಬಿಂದುವಿನದು. ಶಾಲೆಯ ದಿನ ಅದು 2:20, ರಜೆಯ ದಿನ 4:00. ವಾರಕ್ಕೊಮ್ಮೆ ದೇಹದ ಗಡಿಯಾರ 1 ಗಂಟೆ 40 ನಿಮಿಷ ಹಿಂದೆ ಬಿದ್ದು, ಸೋಮವಾರ ಮತ್ತೆ ಮುಂದಕ್ಕೆ ಎಳೆಯಲ್ಪಡುತ್ತದೆ. ಈ ಹುಡುಗಿಗೆ ಸೋಮವಾರದ ಮೊದಲ ಪಾಠ ಕಷ್ಟವಾಗುವುದು ಸಹಜ.

ಇಷ್ಟು ಕಂಡ ಮೇಲೆ ಪರಿಹಾರದ ದಾರಿಯೂ ಕಾಣುತ್ತದೆ. ಏಳುವ ಹೊತ್ತನ್ನು ರಜೆಯಲ್ಲಿಯೂ ಒಂದು ಗಂಟೆಗಿಂತ ಹೆಚ್ಚು ಸರಿಸಬಾರದು. ಎದ್ದೊಡನೆ ಅಂಗಳದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಇರಬೇಕು. ಬಸ್ಸಿನ ಜೊಂಪನ್ನು ಜೊತೆಯವರ ಮಾತಿನಿಂದ ತಪ್ಪಿಸಬೇಕು, ಏಕೆಂದರೆ ಸಂಜೆಯ ಜೊಂಪು ರಾತ್ರಿಯ ನಿದ್ರೆಯನ್ನು ಮುಂದೂಡುತ್ತದೆ. ಮಲಗಿಸುವ ಹೊತ್ತನ್ನು ಮೊದಲು 10:30ಕ್ಕೆ ಇಟ್ಟು, ಬೇಗ ನಿದ್ರೆ ಹತ್ತಲಾರಂಭಿಸಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂಚಿತವಾಗಿಸಬೇಕು. ಆರು ಹೆಜ್ಜೆಗಳಲ್ಲಿ, ಎಂದರೆ ಸುಮಾರು ಮೂರು ವಾರಗಳಲ್ಲಿ, 9:00ಕ್ಕೆ ತಲುಪಬಹುದು. ತಡವಾಗಿ ಮಲಗಿಸುವುದು ವಿಚಿತ್ರವೆನಿಸಬಹುದು, ಆದರೆ ಈಗಿರುವ ನಿದ್ರೆ ಇದರಿಂದ ಕಡಿಮೆಯಾಗದು. ನಿದ್ರೆ ಬಾರದೆ ಹೊರಳಾಡುವ ಒಂದೂವರೆ ಗಂಟೆ ಮಾತ್ರ ತಪ್ಪುತ್ತದೆ.

ಪುಟಗಳಲ್ಲಿ ಕಾಣುವ ವಿನ್ಯಾಸಗಳು

ಎರಡು ವಾರದ ಸಾಲುಗಳನ್ನು ಒಟ್ಟಿಗೆ ನೋಡಿದಾಗ ಕೆಲವು ಮಾದರಿಗಳು ಎದ್ದು ಕಾಣುತ್ತವೆ. ಅವು ರೋಗನಿರ್ಣಯವಲ್ಲ, ವೈದ್ಯರಿಗೆ ದಿಕ್ಕು ತೋರುವ ಗುರುತುಗಳು.

ಮಲಗಿದ ಒಂದೆರಡು ಗಂಟೆಯಲ್ಲಿ ಕಿರುಚುವುದು: ಮಗು ಕಣ್ಣು ತೆರೆದಿದ್ದರೂ ಗುರುತಿಸದು, ಸಂತೈಸಿದರೆ ದೂಡುತ್ತದೆ, ಬೆಳಿಗ್ಗೆ ಏನೂ ನೆನಪಿರದು. ಇದು ಗಾಢ ನಿದ್ರೆಯಿಂದ ಅರೆಬರೆ ಎಚ್ಚರಗೊಳ್ಳುವ ನಿದ್ರಾಭೀತಿ. ನಿದ್ರೆಯಲ್ಲಿ ನಡೆದಾಡುವುದೂ ಇದೇ ವರ್ಗಕ್ಕೆ ಸೇರಿದೆ. ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ತಾನಾಗಿ ನಿಲ್ಲುತ್ತದೆ. ಬಲವಂತವಾಗಿ ಎಬ್ಬಿಸದೆ, ಪೆಟ್ಟಾಗದಂತೆ ನೋಡಿಕೊಳ್ಳುವುದು ಮುಖ್ಯ. ನಿದ್ರೆ ಸಾಲದಾದಾಗ ಮತ್ತು ಜ್ವರದಲ್ಲಿ ಇದು ಹೆಚ್ಚುತ್ತದೆ. ದಿನವೂ ಒಂದೇ ಹೊತ್ತಿಗೆ ಬರುವುದೆಂದು ದಿನಚರಿ ತೋರಿಸಿದರೆ, ಆ ಹೊತ್ತಿಗೆ 15 ರಿಂದ 30 ನಿಮಿಷ ಮುಂಚೆ ಮಗುವನ್ನು ಮೆಲ್ಲನೆ ಅಲುಗಿಸಿ ಎಚ್ಚರಿಸುವ ಕ್ರಮವನ್ನು ವೈದ್ಯರು ಸೂಚಿಸುವುದುಂಟು. ಗಂಟೆ ಬರೆಯದಿದ್ದರೆ ಈ ಉಪಾಯವೇ ಸಾಧ್ಯವಿಲ್ಲ.

ಬೆಳಗಿನ ಜಾವದ ಅಳು: ಮಗು ಪೂರ್ತಿ ಎಚ್ಚರಗೊಂಡು, ಕಂಡದ್ದನ್ನು ಹೇಳಿ, ತಬ್ಬಿಕೊಂಡರೆ ಸಮಾಧಾನಗೊಂಡರೆ ಅದು ಕೆಟ್ಟ ಕನಸು. ವಿಶೇಷ ಸಂಗತಿಯ ಅಂಕಣದಲ್ಲಿ ಕಾರಣ ಸಿಗಬಹುದು.

ವಾರದಲ್ಲಿ ಮೂರು ಅಥವಾ ಹೆಚ್ಚು ರಾತ್ರಿ ಗೊರಕೆ: ಬಾಯಿ ತೆರೆದು ಉಸಿರಾಟ, ಉಸಿರು ನಿಂತಂತಾಗಿ ಮತ್ತೆ ಏದುಸಿರು, ವಿಪರೀತ ಬೆವರು ಜೊತೆಗಿದ್ದರೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿಗಳು ದೊಡ್ಡದಾಗಿ ಉಸಿರಿನ ದಾರಿಯನ್ನು ಕಟ್ಟುತ್ತಿರಬಹುದು. ಗೊರಕೆಯನ್ನು ಒಳ್ಳೆಯ ನಿದ್ರೆಯ ಲಕ್ಷಣವೆಂದು ತಿಳಿಯುವುದು ತಪ್ಪು.

ರಾತ್ರಿ ಮತ್ತು ಬೆಳಗಿನ ಜಾವದ ಕೆಮ್ಮು: ಆಸ್ತಮಾದ ಸೂಚನೆಯಾಗಬಹುದು. ಮಳೆಗಾಲದ ತೇವ, ಒಲೆಯ ಹೊಗೆ ಇದ್ದ ದಿನಗಳನ್ನು ಗುರುತಿಸಿ.

ಮಲಗುವಾಗ ಕಾಲು ಒದರುವುದು, ಕಾಲಿನಲ್ಲಿ ಏನೋ ಹರಿದಂತಾಗುವುದು: ಕಬ್ಬಿಣಾಂಶದ ಕೊರತೆಯೊಂದಿಗೆ ಇದಕ್ಕೆ ಸಂಬಂಧವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6 ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ 67.1 ಮಂದಿಗೆ ರಕ್ತಹೀನತೆ ಕಂಡುಬಂದ ದೇಶ ನಮ್ಮದು. ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬಹುದು.

ರಾತ್ರಿ ಆಸನದ ಬಳಿ ತುರಿಕೆಯಿಂದ ಎಚ್ಚರ: ದಾರದಂತಹ ಸಣ್ಣ ಹುಳುಗಳ ಲಕ್ಷಣ. ಹೆಣ್ಣುಹುಳು ಮೊಟ್ಟೆಯಿಡಲು ಹೊರಬರುವುದು ರಾತ್ರಿಯಲ್ಲಿ. ಚಿಕಿತ್ಸೆ ಸುಲಭ, ಆದರೆ ಮನೆಮಂದಿಗೆಲ್ಲ ಒಟ್ಟಿಗೆ ಬೇಕಾಗುತ್ತದೆ.

ನಿದ್ರೆ ಹತ್ತುವ ಹೊತ್ತು ದಿನವೂ ಮನೆಯ ದೀಪ ಆರುವ ಹೊತ್ತೇ ಆಗಿರುವುದು: ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವ ಮನೆಗಳಲ್ಲಿ, ರಾತ್ರಿ ಬೀಡಿ ಕಟ್ಟುವ ಅಥವಾ ಹೊಲಿಗೆಯ ಕೆಲಸವಿರುವ ಮನೆಗಳಲ್ಲಿ ಇದು ಸಾಮಾನ್ಯ. ಇಲ್ಲಿ ದೋಷ ಮಗುವಿನದೂ ಅಲ್ಲ, ದುಡಿಯುವ ತಾಯಿಯದೂ ಅಲ್ಲ. ದೀಪವನ್ನು ತಗ್ಗಿಸಿ ಇಡುವುದು, ಮಗುವಿನ ಹಾಸಿಗೆಯ ಕಡೆಗೆ ಸೀರೆಯ ಮರೆ ಕಟ್ಟುವುದು, ಟಿ.ವಿ.ಯ ಸದ್ದು ನಿಲ್ಲಿಸುವುದು ಇಷ್ಟರಿಂದಲೇ ಅರ್ಧ ಗಂಟೆಯ ನಿದ್ರೆ ಹೆಚ್ಚಬಹುದು.

ಹದಿಹರೆಯದವರ ತಡನಿದ್ರೆ: ಪ್ರೌಢಾವಸ್ಥೆಯಲ್ಲಿ ದೇಹದ ಗಡಿಯಾರ ತಾನಾಗಿ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಹತ್ತನೇ ತರಗತಿಯ ಹುಡುಗನಿಗೆ ರಾತ್ರಿ ಹತ್ತಕ್ಕೆ ನಿದ್ರೆ ಬಾರದಿರುವುದು ಹಟವಲ್ಲ. ಮಲಗುವ ಮುಂಚಿನ ಮೊಬೈಲು ಅದನ್ನು ಇನ್ನಷ್ಟು ಹಿಂದೂಡುತ್ತದೆ.

ಶಾಲೆಯ ವೇಳೆ ಮತ್ತು ನಿದ್ರೆ

ಮಕ್ಕಳ ನಿದ್ರೆ ಮನೆಯೊಳಗಿನ ವಿಷಯ ಮಾತ್ರವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಹದಿಹರೆಯದವರ ಶಾಲೆಗಳು ಬೆಳಿಗ್ಗೆ 8:30ಕ್ಕೆ ಮೊದಲು ಆರಂಭವಾಗಬಾರದೆಂದು ಶಿಫಾರಸು ಮಾಡಿತು. ನಮಗೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ್ದು. ಅಲ್ಲಿನ ಶಾಲಾ ಶಿಕ್ಷಣ ಇಲಾಖೆ, ಮಕ್ಕಳಿಗೆ ನಿದ್ರೆ ಸಾಲುತ್ತಿಲ್ಲವೆಂಬ ಕಾರಣವನ್ನೇ ಮುಂದಿಟ್ಟು, ಪೂರ್ವ ಪ್ರಾಥಮಿಕದಿಂದ ನಾಲ್ಕನೇ ತರಗತಿಯವರೆಗಿನ ತರಗತಿಗಳು 9 ಗಂಟೆಗೆ ಅಥವಾ ಅನಂತರ ಆರಂಭವಾಗಬೇಕೆಂದು 2024ರ ಫೆಬ್ರವರಿಯಲ್ಲಿ ಎಲ್ಲ ಮಾಧ್ಯಮಗಳ ಶಾಲೆಗಳಿಗೆ ಆದೇಶಿಸಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗೂ ಇದು ಸಂಬಂಧಿಸಿದ್ದು.

ಶಾಲೆ ದೂರವಿದ್ದಷ್ಟೂ ಮಗು ಬೇಗ ಏಳಬೇಕು. ಒಂದು ಮಗುವಿನ ದಿನಚರಿ ಮನೆಯ ದಾಖಲೆಯಾದರೆ, ಒಂದೇ ವಾಹನದಲ್ಲಿ ಬರುವ ಹತ್ತು ಮಕ್ಕಳ ದಿನಚರಿಗಳು ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಆಧಾರವಾಗಬಲ್ಲವು. ವಾಹನದ ವೇಳೆಯನ್ನು ಇಪ್ಪತ್ತು ನಿಮಿಷ ಬದಲಿಸಿ ಎಂದು ಕೇಳುವಾಗ ಬರಿಯ ದೂರಿಗಿಂತ ಬರೆದ ಅಂಕಿಗಳಿಗೆ ತೂಕ ಹೆಚ್ಚು. ಹಾಗೆ ಬಳಸುವಾಗ ಮಕ್ಕಳ ಹೆಸರುಗಳನ್ನೂ ಮನೆಯ ಸಂಗತಿಗಳನ್ನೂ ಬಿಟ್ಟು ಗಂಟೆಗಳನ್ನು ಮಾತ್ರ ಕೊಡಬೇಕು.

ದಿನಚರಿಯ ಮಿತಿ

ಹೆತ್ತವರು ಬರೆದ ದಿನಚರಿಯಲ್ಲಿ ನಿದ್ರೆಯ ಅವಧಿ ವಾಸ್ತವಕ್ಕಿಂತ ತುಸು ಹೆಚ್ಚಾಗಿ ಕಾಣುವುದು ಸಾಮಾನ್ಯ. ಸದ್ದಿಲ್ಲದೆ ಎಚ್ಚರವಾಗಿರುವ ಮಗುವನ್ನು ನಿದ್ರಿಸುತ್ತಿದೆಯೆಂದು ನಾವು ತಿಳಿಯುತ್ತೇವೆ. ಹೆಚ್ಚಿನ ನಿಖರತೆ ಬೇಕಾದಾಗ ವೈದ್ಯರು ಮಣಿಕಟ್ಟಿಗೆ ಕಟ್ಟುವ ಚಲನಮಾಪಕವನ್ನು ಬಳಸುತ್ತಾರೆ. ಉಸಿರಾಟದ ತೊಂದರೆಯ ಅನುಮಾನವಿದ್ದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಿದುಳಿನ ಅಲೆ, ಉಸಿರು, ರಕ್ತದ ಆಮ್ಲಜನಕಗಳನ್ನು ಅಳೆಯುವ ಪರೀಕ್ಷೆ ನಡೆಸುತ್ತಾರೆ. ಪೇಟೆಯಲ್ಲಿ ಸಿಗುವ ಕೈಗಡಿಯಾರಗಳು, ಮೊಬೈಲಿನ ಆ್ಯಪ್‌ಗಳು ತೋರಿಸುವ ‘ಗಾಢ ನಿದ್ರೆ’ಯ ಅಂಕಿಗಳನ್ನು ಚಿಕಿತ್ಸೆಗೆ ಆಧಾರವಾಗಿ ನೆಚ್ಚಬಾರದು.

ವೈದ್ಯರ ಬಳಿಗೆ ಯಾವಾಗ

ಈ ಕೆಳಗಿನ ಸಂದರ್ಭಗಳಲ್ಲಿ ಎರಡು ವಾರ ಮುಗಿಯಲೆಂದು ಕಾಯಬಾರದು:

– ನಿದ್ರೆಯಲ್ಲಿ ಉಸಿರು ನಿಲ್ಲುವುದು, ತುಟಿ ನೀಲಿಯಾಗುವುದು.
– ಒಂದೇ ಬಗೆಯ ಸೆಳೆತ ಅಥವಾ ಚಲನೆ ರಾತ್ರಿ ಮತ್ತೆ ಮತ್ತೆ ಮರುಕಳಿಸುವುದು. ಸಾಧ್ಯವಾದರೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ.
– ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಆರಂಭಿಸಿ, ಜೊತೆಗೆ ಅತಿಯಾದ ಬಾಯಾರಿಕೆ, ತೂಕ ಇಳಿತ ಇರುವುದು. ಇದು ಮಕ್ಕಳ ಮಧುಮೇಹದ ಲಕ್ಷಣವಾಗಿರಬಹುದು. ಅದೇ ದಿನ ತೋರಿಸಬೇಕು.
– ಸಾಕಷ್ಟು ಮಲಗಿದರೂ ಹಗಲಲ್ಲಿ ಮಾತಾಡುತ್ತಿರುವಾಗಲೇ, ಊಟ ಮಾಡುತ್ತಿರುವಾಗಲೇ ನಿದ್ರೆಗೆ ಜಾರುವುದು.
– ಮಗು ಬದುಕಿನಲ್ಲಿ ಆಸಕ್ತಿ ಕಳೆದುಕೊಂಡಂತೆ, ಯಾರನ್ನೋ ಕಂಡು ಭಯಪಟ್ಟಂತೆ ವರ್ತಿಸುವುದು.

ಉಳಿದಂತೆ, ತುಂಬಿದ ದಿನಚರಿಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರಕಾರಿ, ಅನುದಾನಿತ ಶಾಲೆಗಳಲ್ಲಿ ತಪಾಸಣೆ ಮಾಡುವ ತಂಡಗಳಿವೆ. ಅವರು ಶಾಲೆಗೆ ಬಂದ ದಿನ ಪುಟಗಳನ್ನು ತೋರಿಸಬಹುದು. ನಿದ್ರೆಯ ಮಾತ್ರೆ, ಕೆಮ್ಮಿನ ಸಿರಪ್, ಮೆಲಟೋನಿನ್ ಇವನ್ನು ವೈದ್ಯರ ಸಲಹೆಯಿಲ್ಲದೆ ಮಗುವನ್ನು ಮಲಗಿಸಲೆಂದು ಕೊಡಕೂಡದು.

ವೈದ್ಯರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಐದು ವಿಷಯಗಳ ಸುತ್ತ ಇರುತ್ತವೆ: ಮಲಗುವಾಗಿನ ತೊಂದರೆ, ಹಗಲಿನ ತೂಕಡಿಕೆ, ರಾತ್ರಿಯ ಎಚ್ಚರ, ನಿದ್ರೆಯ ವೇಳೆ ಮತ್ತು ಅವಧಿ, ಗೊರಕೆ. ಮೇಲೆ ಹೇಳಿದ ಅಂಕಣಗಳಲ್ಲಿ ಈ ಐದಕ್ಕೂ ಉತ್ತರವಿದೆ. ಪುಟದ ತಲೆಯಲ್ಲಿ ಮಗುವಿನ ವಯಸ್ಸು, ತೂಕ ಬರೆದು, ಕೊನೆಯಲ್ಲಿ ಶಾಲೆಯ ರಾತ್ರಿಗಳ ಸರಾಸರಿ ಮತ್ತು ರಜೆಯ ರಾತ್ರಿಗಳ ಸರಾಸರಿಯನ್ನು ಬೇರೆ ಬೇರೆಯಾಗಿ ಬರೆದರೆ ದಾಖಲೆ ಪೂರ್ಣವಾಯಿತು. ಚಿಕಿತ್ಸೆಯೋ ರೂಢಿಯ ಬದಲಾವಣೆಯೋ ಆರಂಭವಾಗಿ ಒಂದು ತಿಂಗಳಾದ ಮೇಲೆ ಮತ್ತೆ ಎರಡು ವಾರ ಬರೆಯಬೇಕು. ಮಗು ಸುಧಾರಿಸಿದೆಯೇ ಇಲ್ಲವೇ ಎಂಬುದು ಹಳೆಯ ಪುಟವನ್ನೂ ಹೊಸ ಪುಟವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ.